ಮನವಿಪತ್ರಗಳ ಯುಗ

ಭಾರತದಲ್ಲಿ ಸಾರ್ವಜನಿಕ ಗ್ರಂಥಾಲಯಗಳಿಗೆಂದೇ ಮೊತ್ತಮೊದಲ ಕಾಯಿದೆಯನ್ನು ರಚಿಸಿದ ಕೀರ್ತಿಯು, ಗ್ರಂಥಾಲಯ ಶಾಸ್ತ್ರಜ್ಞ ರಂಗನಾಥನ್ನರ ಕರ್ಮಭೂಮಿಯಾದ ಮದರಾಸಿಗಾಗಲಿ, ಸಯಾಜಿರಾವ್ ಗಾಯಕವಾಡರು ಹಳ್ಳಿಹಳ್ಳಿಗೆ ಪುಸ್ತಕಗಳನ್ನು ಮುಟ್ಟಿಸಿದ ಬಡೋದೆಗಾಗಲಿ ಸಲ್ಲದೆ, ಪಂಚಗಂಗೆಯ ದಡದ ಕೊಲ್ಹಾಪುರ ಸಂಸ್ಥಾನಕ್ಕೆ ಸಲ್ಲುತ್ತದೆಂಬ ಸಂಗತಿಯು, ಗ್ರಂಥಾಲಯ ಶಾಸ್ತ್ರದ ಪರೀಕ್ಷೆಗೆ ಕುಳಿತವರಿಗೆ ಕಂಠಸ್ಥವಾಗಿದ್ದರೂ ಉಳಿದವರ ಲಕ್ಷ್ಯಕ್ಕೆ ಬಂದುದು ಕಡಿಮೆ. ಆ ಕಾಯಿದೆಯು ಹುಟ್ಟಿದ್ದು 1945ರಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬರಲು ಇನ್ನೂ ಎರಡು ವರ್ಷಗಳಿದ್ದವು. ಮದರಾಸಿನ ಕಾಯಿದೆ 1948ರದು, ಹೈದರಾಬಾದಿನದು 1955ರದು, ನಮ್ಮದು 1965ರದು. ಇಂದು ಬೆಳಗಾವಿ ಜಿಲ್ಲೆಯಲ್ಲಿರುವ ರಾಯಬಾಗವು ಅಂದು ಕೊಲ್ಹಾಪುರದ ಅರಸರ ಆಳ್ವಿಕೆಗೇ ಒಳಪಟ್ಟಿದ್ದಿತಾದ ಕಾರಣ, ಈ ಕೀರ್ತಿಯಲ್ಲಿ ಕನ್ನಡ ನೆಲಕ್ಕೂ ಒಂದು ಪಾಲಿದೆಯೆಂದು ನಾವು ಹೇಳಿಕೊಂಡರೆ ಅದು ಅತಿಶಯೋಕ್ತಿಯಾಗದು.

ಇಂಥ ಹಿರಿಮೆಯುಳ್ಳ ಕೊಲ್ಹಾಪುರ ಜಿಲ್ಲೆಯಲ್ಲಿ, ಮುಂಜಾನೆ ವಾಚನಾಲಯದ ಬೀಗ ತೆಗೆದು, ಕಪಾಟುಗಳ ಧೂಳು ಝಾಡಿಸಿ, ದಾಖಲೆಯ ವಹಿಯಲ್ಲಿ ಹೊಸ ಪುಸ್ತಕಕ್ಕೆ ಕ್ರಮಾಂಕ ಕೊಟ್ಟು, ರಾತ್ರಿ ಕೊನೆಯ ವಾಚಕನು ಎದ್ದುಹೋದ ಮೇಲೆ ದೀಪವಾರಿಸಿ ಮನೆಗೆ ನಡೆಯುವ ಮನುಷ್ಯನ ಪಗಾರದ ಪ್ರಶ್ನೆಯು, ಆ ಕಾಯಿದೆಯಾಗಿ ಎಂಬತ್ತು ವರ್ಷಗಳು ಸಂದರೂ ಮನವಿಪತ್ರದ ಹಂತವನ್ನು ದಾಟಲಿಲ್ಲವೇಕೆಂಬುದೇ ಇಲ್ಲಿಯ ಜಿಜ್ಞಾಸೆ. ಉತ್ತರವನ್ನು ಆ ನೌಕರರ ಅಂಜುಬುರುಕುತನದಲ್ಲಿ ಹುಡುಕುವವರಿದ್ದಾರೆ. ಪುಸ್ತಕದ ನಡುವೆ ಬಾಳುವವರು ಸ್ವಭಾವತಃ ಸೌಮ್ಯರು, ಘೋಷಣೆ ಕೂಗಲಾರರು ಎಂಬ ಮಾತು ಕೇಳಲು ಹಿತವಾಗಿದೆ. ಆದರೆ ಅದು ನಿಜವಲ್ಲ. ಅವರು ಸಂಘಟಿತರಾಗದೆ ಉಳಿದದ್ದು ಅವರ ಸ್ವಭಾವದಿಂದಲ್ಲ, ಅವರನ್ನು ನೇಮಿಸಿಕೊಂಡ ಸಂಸ್ಥೆಗಳ ರಚನೆಯಿಂದ ಮತ್ತು ಆ ರಚನೆಗೆ ಮುದ್ರೆಯೊತ್ತಿದ ಕಾನೂನಿನಿಂದ ಎಂದು ನಾನು ಭಾವಿಸುತ್ತೇನೆ.

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಮುಂಬಯಿ ಇಲಾಖೆಯ ಪಟ್ಟಣಗಳಲ್ಲಿ, ಆಂಗ್ಲ ಅಧಿಕಾರಿಗಳ ಪ್ರೋತ್ಸಾಹದಿಂದಲೂ ಸ್ಥಳೀಯ ಶ್ರೀಮಂತರ ಔದಾರ್ಯದಿಂದಲೂ ನೇಟಿವ್ ಲೈಬ್ರರಿಗಳೆಂಬ ಸಂಸ್ಥೆಗಳು ಒಂದರ ಬೆನ್ನಿಗೊಂದು ತಲೆಯೆತ್ತಿದವು. ಬೆಳಗಾವಿಯ ಸಾರ್ವಜನಿಕ ವಾಚನಾಲಯವು 1848ರದು. ಕೊಲ್ಹಾಪುರ ನೇಟಿವ್ ಲೈಬ್ರರಿಯು ಸ್ಥಾಪಿತವಾದುದು 1850ರಲ್ಲಿ; ಅದೇ ಇಂದು ಕರವೀರ ನಗರ ವಾಚನ ಮಂದಿರವೆಂಬ ಹೆಸರಿನಿಂದ ವಿರಾಜಮಾನವಾಗಿದೆ. ಘೋರ್ಪಡೆಯವರ ಜಹಗೀರಿನ ಊರಾದ ಇಚಲಕರಂಜಿಯಲ್ಲಿ ಇಂದಿನ ಆಪಟೆ ವಾಚನ ಮಂದಿರದ ಮೂಲವು 1870ಕ್ಕೆ ಹೋಗುತ್ತದೆ. ಎಂದರೆ ಆ ಊರಿನಲ್ಲಿ ಮೊದಲ ವಿದ್ಯುತ್ ಮಗ್ಗವು 1904ರಲ್ಲಿ ಸದ್ದು ಮಾಡುವುದಕ್ಕೆ ಮೂರು ದಶಕಗಳಷ್ಟು ಮೊದಲೇ ಅಲ್ಲಿ ಪುಸ್ತಕದ ಹಾಳೆಗಳು ಸದ್ದು ಮಾಡುತ್ತಿದ್ದವು. ಹಿರಣ್ಯಕೇಶಿಯ ತೀರದ ಗಡಹಿಂಗ್ಲಜದಲ್ಲಿಯಾದರೋ ವಾಚನಾಲಯವು ನಗರಪರಿಷತ್ತಿನದು. ಪೂಜ್ಯ ಸಾನೆ ಗುರೂಜಿಯವರ ಹೆಸರನ್ನು ಹೊತ್ತಿದೆ. ಈ ಕೊನೆಯ ವ್ಯತ್ಯಾಸವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಅದರ ಕಡೆಗೆ ಮುಂದೆ ಬರುತ್ತೇನೆ.

ಈ ವಾಚನಾಲಯಗಳು ನಡೆದು ಬಂದ ರೀತಿಯು ಸರ್ವತ್ರ ಒಂದೇ. ಸದಸ್ಯರು ಕೊಡುವ ವರ್ಗಣಿ, ಹೊಸಬರು ಇಡುವ ಅನಾಮತು, ದಾನಿಗಳ ನಿಧಿ, ಊರಿನ ಗಣ್ಯರ ಒಂದು ಕಾರ್ಯಕಾರಿಣಿ. ಅದರಲ್ಲಿ ಅಧ್ಯಕ್ಷ, ಕಾರ್ಯವಾಹ, ಖಜಾಂಚಿ ಎಂಬ ಪದಾಧಿಕಾರಿಗಳು, ಎಲ್ಲರೂ ಅವೈತನಿಕರು. ವಕೀಲಿಯನ್ನೋ ಅಧ್ಯಾಪನವನ್ನೋ ವ್ಯಾಪಾರವನ್ನೋ ಮುಗಿಸಿಕೊಂಡು ಸಂಜೆ ಬಂದು, ತಮ್ಮ ಕೈಯಿಂದ ಚಹದ ಖರ್ಚನ್ನೂ ಕೊಟ್ಟು, ಸಂಸ್ಥೆಗಾಗಿ ಮನೆಮನೆ ತಿರುಗಿ ವರ್ಗಣಿ ಕೂಡಿಸಿದ ಈ ಮಹನೀಯರ ತ್ಯಾಗವನ್ನು ಅಲ್ಲಗಳೆಯುವ ಧಾರ್ಷ್ಟ್ಯ ನನಗಿಲ್ಲ. ಆದರೆ ಆ ತ್ಯಾಗವೇ ನೌಕರನ ಪಾಲಿಗೆ ಕಟ್ಟಿಹಾಕುವ ಹಗ್ಗವಾಯಿತೆಂಬುದನ್ನೂ ಹೇಳದೆ ಇರಲಾಗದು. ಮಾಲಕನು ಲಾಭ ಗಳಿಸುವವನಾಗಿದ್ದರೆ, ಆ ಲಾಭದಲ್ಲಿ ನನ್ನ ಬೆವರಿನ ಪಾಲೆಷ್ಟು ಎಂದು ಕೂಲಿಕಾರನು ಕೇಳಬಲ್ಲನು. ಮಾಲಕನೇ ಪುಕ್ಕಟೆಯಾಗಿ ದುಡಿಯುತ್ತಿರುವಾಗ, ಪಗಾರ ತೆಗೆದುಕೊಳ್ಳುತ್ತಿರುವ ನೀನು ಇನ್ನೂ ಹೆಚ್ಚು ಕೇಳುತ್ತೀಯಾ ಎಂಬ ಅನುಕ್ತ ಪ್ರಶ್ನೆಯು ಗ್ರಂಥಪಾಲನ ಬಾಯನ್ನು ಕೇಳುವ ಮೊದಲೇ ಮುಚ್ಚಿಸಿಬಿಡುತ್ತದೆ. ಸಂಜೆಯ ಎರಡು ಗಂಟೆಯನ್ನು ದಾನ ಮಾಡುವವನಿಗೂ ಇಡೀ ಬಾಳನ್ನು ತೇಯುವವನಿಗೂ ನಡುವೆ ಇರುವ ಅಂತರವು ಸಂಸ್ಥೆಯ ವಾರ್ಷಿಕ ವರದಿಗಳಲ್ಲಿ ಎಂದೂ ಕಾಣಿಸಿಕೊಳ್ಳಲಿಲ್ಲ. ಅವುಗಳ ಮುಖಪುಟದಲ್ಲಿ ದಾನಿಗಳ ಭಾವಚಿತ್ರ, ಒಳಗೆ ಪುಸ್ತಕಗಳ ಸಂಖ್ಯೆ, ಕೊನೆಯ ಪುಟದ ಜಮಾಖರ್ಚಿನಲ್ಲಿ ನೌಕರರ ವೇತನವೆಂಬ ಒಂದೇ ಸಾಲು.

ಅದೇ ಕಾಲದಲ್ಲಿ ಕೊಲ್ಹಾಪುರವು ವಿದ್ಯೆಯ ತವರಾಗಿದ್ದಿತು. ಶಾಹೂ ಮಹಾರಾಜರು 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯವೂ ಉಚಿತವೂ ಆಗಿ ಮಾಡಿದ ಸಂಸ್ಥಾನವದು. ರಾಜಾರಾಮ ಕಾಲೇಜಿನಲ್ಲಿ ಕೆ. ಜಿ. ಕುಂದಣಗಾರರು ಕನ್ನಡವನ್ನೂ ಸದಲಗೆಯ ಆ. ನೇ. ಉಪಾಧ್ಯೆಯವರು ಅರ್ಧಮಾಗಧಿಯನ್ನೂ ಬೋಧಿಸಿದರು. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳ ಸಂಪುಟವನ್ನು 1939ರಲ್ಲಿ ಪ್ರಕಟಿಸಿದರು. ಇಬ್ಬರೂ ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠವನ್ನೇರಿದರು. ಇಂಥ ವಿದ್ವತ್ತಿನ ಹಿಂದೆ ಪುಸ್ತಕವನ್ನು ಹುಡುಕಿ ತಂದು ಮೇಜಿನ ಮೇಲಿಡುವ ಕೈಗಳು ಯಾವ ಊರಿನಲ್ಲಿಯೂ ಇದ್ದೇ ಇರುತ್ತವೆ. ಅವುಗಳ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯುತ್ತದೆ. ಹಾಜರಿ ಪುಸ್ತಕವನ್ನಾದರೋ ಗೆದ್ದಲು ಬೇಗನೆ ತಿನ್ನುತ್ತದೆ.

ನೌಕರರು ಒಟ್ಟುಗೂಡಲೇ ಇಲ್ಲವೆಂದು ಇದರಿಂದ ತಿಳಿಯಬಾರದು. ಮಹಾರಾಷ್ಟ್ರದಲ್ಲಿ ಗ್ರಂಥಾಲಯಗಳ ಒಕ್ಕೂಟದ ಪರಂಪರೆಯು ಹಳೆಯದು. ಪುಣೆಯಲ್ಲಿ 1921ರಷ್ಟು ಹಿಂದೆಯೇ ವಾಚನಾಲಯಗಳವರು ಕೂಡಿ ಸಂಘ ಕಟ್ಟಿದ್ದರು. ಆಮೇಲೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಗ್ರಂಥಾಲಯ ಸಂಘಗಳಾದವು. ಈ ಸಂಘಗಳಲ್ಲಿ ಸದಸ್ಯತ್ವವು ಗ್ರಂಥಾಲಯಗಳದು, ಪ್ರಾತಿನಿಧ್ಯವು ಹೆಚ್ಚಾಗಿ ಕಾರ್ಯಕಾರಿಣಿಯವರದು. ಗ್ರಂಥಪಾಲನು ಅವರ ಜೊತೆಗೆ, ಅವರ ಚೀಲವನ್ನು ಹಿಡಿದುಕೊಂಡೋ ಅವರ ಅನುಮತಿ ಪಡೆದುಕೊಂಡೋ, ಬರುವವನು. ವಾರ್ಷಿಕ ಅಧಿವೇಶನದ ಒಂದೇ ಮಂಟಪದಲ್ಲಿ ನೇಮಿಸಿದವರೂ ನೇಮಕಗೊಂಡವರೂ ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಠರಾವಿಗೆ ಕೈಯೆತ್ತಿದರು. ಮಂಡಿತವಾಗುತ್ತಿದ್ದ ಠರಾವುಗಳ ಸ್ವರೂಪವೂ ಇದಕ್ಕೆ ತಕ್ಕಂತೆಯೇ ಇರುತ್ತಿತ್ತು: ಗ್ರಂಥಾಲಯಗಳ ಅನುದಾನವನ್ನು ಹೆಚ್ಚಿಸಬೇಕು, ಕಂತುಗಳನ್ನು ವೇಳೆಗೆ ಸರಿಯಾಗಿ ಬಿಡುಗಡೆ ಮಾಡಬೇಕು, ಕಟ್ಟಡಕ್ಕೆ ನೆರವು ಬೇಕು, ಮತ್ತು, ಸಮಯವುಳಿದರೆ, ನೌಕರರ ವೇತನದ ಬಗೆಗೆ ಸರಕಾರವು ಸಹಾನುಭೂತಿಯಿಂದ ಆಲೋಚಿಸಬೇಕು. ಸರಕಾರಕ್ಕೆ ಮಾಡಿದ ವಿನಂತಿಯಲ್ಲಿ ಎಲ್ಲರೂ ಒಂದಾಗಬಹುದಾಗಿತ್ತು. ಮುಂದಿನ ಸಾಲಿನಲ್ಲಿ ಕುಳಿತ ಕಾರ್ಯವಾಹರಿಗೆ ಮಾಡಬೇಕಾದ ವಿನಂತಿಯನ್ನು ಬರೆಯುವ ಕೈ ಮಾತ್ರ ಇರಲಿಲ್ಲ.

ಆದರೂ ಈ ಪೂರ್ವಾವಸ್ಥೆಯನ್ನು ನಿಷ್ಫಲವೆಂದು ತಳ್ಳಿಹಾಕುವವರ ಪಂಗಡಕ್ಕೆ ನಾನು ಸೇರಿದವನಲ್ಲ. ಜಿಲ್ಲಾ ಸಂಘಗಳು ನಡೆಸಿಕೊಂಡು ಬಂದ ಗ್ರಂಥಾಲಯ ಪ್ರಶಿಕ್ಷಣದ ವರ್ಗಗಳಿಂದ, ಮೆಟ್ರಿಕ್ ಮುಗಿಸಿದ ಎಷ್ಟೋ ಹಳ್ಳಿಯ ಹುಡುಗ ಹುಡುಗಿಯರು ವರ್ಗೀಕರಣವೆಂದರೇನು, ಸೂಚಿಯೆಂದರೇನು, ದಾಖಲೆಯ ವಹಿಯನ್ನು ಹೇಗೆ ಇಡಬೇಕು ಎಂಬುದನ್ನು ಕಲಿತು, ಕೀಲಿಕೈ ಕಾಯುವವರ ಪದವಿಯಿಂದ ಗ್ರಂಥಪಾಲರ ಪದವಿಗೆ ಏರಿದರು. ತಾನೊಂದು ವೃತ್ತಿಗೆ ಸೇರಿದವನೆಂಬ ಅಭಿಮಾನ ಹುಟ್ಟದೆ ತನ್ನ ಹಕ್ಕಿನ ಅರಿವು ಹುಟ್ಟದು. ಆ ಅಭಿಮಾನವನ್ನು ಬಿತ್ತಿದುದು ಈ ಸೌಮ್ಯ ಸಂಘಗಳೇ.

ಇಂಗ್ಲೆಂಡಿನಲ್ಲಿಯೂ ಹೀಗೆಯೇ ಆಗಿತ್ತು. ಅಲ್ಲಿಯ ಗ್ರಂಥಾಲಯಗಳ ಕಿರಿಯ ಸಹಾಯಕರು 1895ರಲ್ಲಿ ತಮ್ಮದೇ ಒಂದು ಸಂಘ ಕಟ್ಟಿಕೊಂಡರು. ಹಿರಿಯ ಗ್ರಂಥಪಾಲರ ಸಂಘದಲ್ಲಿ ತಮಗೆ ದನಿಯಿಲ್ಲವೆಂಬುದು ಅವರ ಅಳಲು. ಅದು ಸ್ವಶಿಕ್ಷಣದ, ಪರೀಕ್ಷೆಗಳ, ಉಪನ್ಯಾಸಗಳ ಸಂಘವಾಗಿ ಬಾಳಿ, 1930ರಲ್ಲಿ ಹಿರಿಯರ ಸಂಘದಲ್ಲಿಯೇ ಸೇರಿಹೋಯಿತು. ನ್ಯೂಯಾರ್ಕಿನವರು ಇಷ್ಟು ತಾಳ್ಮೆ ತೋರಲಿಲ್ಲ. 1917ರಲ್ಲಿ ನೇರವಾಗಿ ಕಾರ್ಮಿಕ ಒಕ್ಕೂಟಕ್ಕೆ ಸೇರಿದ ನೌಕರರ ಯೂನಿಯನ್ನೊಂದನ್ನು ಹುಟ್ಟುಹಾಕಿದರು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದ ಮಾಡ್ ಮಲೋನ್ ಅದರ ಮುಂದಾಳು. ಆಕೆಯು 1919ರ ಅಮೆರಿಕನ್ ಗ್ರಂಥಾಲಯ ಸಂಘದ ಅಧಿವೇಶನದಲ್ಲಿ, ಉನ್ನತ ಹುದ್ದೆಗಳನ್ನು ಗಂಡಸರಿಗೆ ಮೀಸಲಿಡುವ ಪದ್ಧತಿಯನ್ನು ಖಂಡಿಸುವ ಠರಾವನ್ನು ತಂದಾಗ ಅದು ಭಾರೀ ಬಹುಮತದಿಂದ ಬಿದ್ದುಹೋಯಿತಂತೆ. ಆ ಸಭೆಯಲ್ಲಿಯೂ ಮೇಲಧಿಕಾರಿಗಳು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದರೆಂದು ಊಹಿಸಲು ಕಷ್ಟವಿಲ್ಲ.

ಕೊಲ್ಹಾಪುರ ಸಂಸ್ಥಾನವು 1949ರ ಮಾರ್ಚ್ 1ರಂದು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಮುಂದೆ 1967ರಲ್ಲಿ ಮಹಾರಾಷ್ಟ್ರವು ತನ್ನ ಸಾರ್ವಜನಿಕ ಗ್ರಂಥಾಲಯ ಕಾಯಿದೆಯನ್ನು ಮಾಡಿ, 1968ರ ಮೇ 1ರಿಂದ ಜಾರಿಗೊಳಿಸಿತು. ಕರ್ನಾಟಕದ ಕಾಯಿದೆಗೂ ಅದಕ್ಕೂ ಒಂದು ಮೂಲಭೂತ ಭೇದವಿದೆ. ನಮ್ಮಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ವಸೂಲು ಮಾಡಿ, ಸರಕಾರದ ಇಲಾಖೆಯೇ ಗ್ರಂಥಾಲಯಗಳನ್ನು ನಡೆಸತಕ್ಕದ್ದು. ಮಹಾರಾಷ್ಟ್ರದಲ್ಲಿ ಕರವಿಲ್ಲ, ಸರಕಾರವು ವರ್ಷಕ್ಕೆ ಕನಿಷ್ಠ 25 ಲಕ್ಷ ರೂಪಾಯಿಗಳನ್ನು ಗ್ರಂಥಾಲಯ ನಿಧಿಗೆ ಕೊಡಬೇಕೆಂದು ಕಾಯಿದೆಯು ವಿಧಿಸಿತು, ಮತ್ತು ಊರೂರಿನ ಸ್ವಯಂಸೇವೆಯ ಸಂಸ್ಥೆಗಳನ್ನೇ ಮಾನ್ಯ ಮಾಡಿ, ಅ, ಬ, ಕ, ಡ ಎಂಬ ನಾಲ್ಕು ವರ್ಗಗಳಲ್ಲಿ ವಿಂಗಡಿಸಿ, ಅನುದಾನ ಕೊಡುವ ಪದ್ಧತಿಯು ರೂಢಿಗೆ ಬಂದಿತು. ಜನರ ಉತ್ಸಾಹವನ್ನು ಸರಕಾರೀಕರಣವು ಕೊಲ್ಲಬಾರದೆಂಬ ಆ ನೀತಿಯು ಶ್ಲಾಘ್ಯವೇ ಸರಿ. ಇಂದು ಸಾವಿರಾರು ವಾಚನಾಲಯಗಳು ಆ ರಾಜ್ಯದಲ್ಲಿರುವುದು ಅದರ ಫಲ. ಆದರೆ ನೌಕರನು ಯಾರವನು ಎಂಬ ಪ್ರಶ್ನೆಗೆ ಆ ಪದ್ಧತಿಯಲ್ಲಿ ಉತ್ತರವಿಲ್ಲ. ಸಂಸ್ಥೆಯನ್ನು ಕೇಳಿದರೆ ಸರಕಾರ ಕೊಟ್ಟಷ್ಟನ್ನೇ ಕೊಡುತ್ತೇವೆನ್ನುತ್ತದೆ. ಸರಕಾರವನ್ನು ಕೇಳಿದರೆ ಅವರು ಸಂಸ್ಥೆಯ ನೌಕರರು, ನಮ್ಮವರಲ್ಲವೆನ್ನುತ್ತದೆ.

ಅನುದಾನದ ಲೆಕ್ಕವನ್ನು ಒಮ್ಮೆ ಕೈಗೆತ್ತಿಕೊಂಡರೆ ಈ ಮಾತಿನ ಅರ್ಥವು ಸ್ಪಷ್ಟವಾಗುತ್ತದೆ. ಹಳ್ಳಿಗಳಲ್ಲಿರುವ ಡ ವರ್ಗದ ವಾಚನಾಲಯಕ್ಕೆ ಅನೇಕ ವರ್ಷಗಳ ಕಾಲ ದೊರೆಯುತ್ತಿದ್ದುದು ವರ್ಷಕ್ಕೆ 30,000 ರೂಪಾಯಿ. ಅನುದಾನದ ಅರ್ಧವನ್ನು ವೇತನಕ್ಕೂ ಉಳಿದರ್ಧವನ್ನು ಪುಸ್ತಕ, ಪತ್ರಿಕೆ, ಬಾಡಿಗೆ, ದೀಪಗಳಿಗೂ ವೆಚ್ಚ ಮಾಡಬೇಕೆಂಬುದು ನಿಯಮ. ಆ ಪ್ರಕಾರ ಗ್ರಂಥಪಾಲನಿಗೆ ತಿಂಗಳಿಗೆ ಸಿಕ್ಕುತ್ತಿದ್ದುದು 1,250 ರೂಪಾಯಿ. 2022ರ ನವೆಂಬರಿನಲ್ಲಿ ಮಂತ್ರಿಮಂಡಲವು ಅನುದಾನವನ್ನು ಶೇಕಡಾ 60ರಷ್ಟು ಏರಿಸಿದಾಗ ಅದು 48,000ವಾಯಿತು. ತಿಂಗಳ ಪಗಾರವು 2,000 ರೂಪಾಯಿಯಾಯಿತು. ಹೊಲದಲ್ಲಿ ಕಬ್ಬು ಕಡಿಯುವ ಕೂಲಿಯು ಕೆಲವೇ ದಿನಗಳಲ್ಲಿ ಗಳಿಸುವ ಈ ಹಣಕ್ಕೆ, ಪ್ರಶಿಕ್ಷಣ ಪಡೆದ ಗ್ರಂಥಪಾಲನೊಬ್ಬನು ತಿಂಗಳಿಡೀ ಬಾಗಿಲು ತೆರೆದಿಡಬೇಕು. ಇದಕ್ಕಿಂತ ದೊಡ್ಡ ವಿಪರ್ಯಾಸವೆಂದರೆ ಪುಸ್ತಕಕ್ಕೂ ಮನುಷ್ಯನಿಗೂ ಒಂದೇ ಮೊತ್ತದಿಂದ ಹಂಚಿಕೆ ಮಾಡುವ ವಿಧಾನ. ನೌಕರನ ಪಗಾರ ಹೆಚ್ಚಿದರೆ ಕಪಾಟಿಗೆ ಬರುವ ಪುಸ್ತಕ ಕಡಿಮೆಯಾಗುವುದೆಂಬ ಸ್ಥಿತಿಯನ್ನು ನಿರ್ಮಿಸಿ, ಪುಸ್ತಕವನ್ನು ಪ್ರೀತಿಸುವವನನ್ನೇ ಪುಸ್ತಕದ ಪ್ರತಿಪಕ್ಷಿಯನ್ನಾಗಿ ನಿಲ್ಲಿಸಿದ ಈ ವ್ಯವಸ್ಥೆಯು ಯಾವ ಕ್ರೂರ ಮಾಲಕನಿಗೂ ಹೊಳೆಯದ ಉಪಾಯವಾಗಿದೆ.

ಮಹಾರಾಷ್ಟ್ರ ಸರಕಾರವು ನೇಮಿಸಿದ ವ್ಯಂಕಪ್ಪಾ ಪತ್ಕಿ ಸಮಿತಿಯು ವೇತನಶ್ರೇಣಿ ಮತ್ತು ಸೇವಾಶರತ್ತುಗಳ ಕುರಿತು ಶಿಫಾರಸು ಮಾಡಿದ ಮೇಲೆ, ಅದನ್ನು ಕಾರ್ಯಗತಗೊಳಿಸಿರೆಂಬುದೇ ನೌಕರರ ಎಲ್ಲ ಮನವಿಗಳ ಪಲ್ಲವಿಯಾಯಿತು. ಧರಣಿಗಳಾದವು, ಮೋರ್ಚಾಗಳಾದವು, ಮಂತ್ರಿಗಳು ಆಶ್ವಾಸನವಿತ್ತರು. ಮನವಿಪತ್ರಗಳ ಒಕ್ಕಣೆಯು ಬದಲಾಗಲಿಲ್ಲ.

ಇನ್ನು ಇದೇ ಊರುಗಳ ಬೇರೆ ದುಡಿಮೆಗಾರರನ್ನು ನೋಡೋಣ. ಇಚಲಕರಂಜಿಯ ಮಗ್ಗದ ಕೂಲಿಕಾರರಲ್ಲಿ ಎಷ್ಟೋ ಮಂದಿ ಕನ್ನಡ ಮಾತನಾಡುವ ಹಳ್ಳಿಗಳಿಂದ ಹೊಟ್ಟೆಪಾಡಿಗೆ ಬಂದವರು, ಹೆಚ್ಚಿಗೆ ಓದಿದವರಲ್ಲ. ಅವರು ಲಾಲ ಬಾವುಟದ ಕೆಳಗೆ ನೆರೆದು, ಕನಿಷ್ಠ ವೇತನಕ್ಕಾಗಿ 2013ರ ಆರಂಭದಲ್ಲಿ ವಾರಗಟ್ಟಲೆ ಮಗ್ಗ ನಿಲ್ಲಿಸಿ, ಮಾಲಕರನ್ನು ಮಾತುಕತೆಯ ಮೇಜಿಗೆ ಕರೆತಂದರು. ಮಗ್ಗ ನಿಂತರೆ ಊರು ನಿಲ್ಲುತ್ತದೆ. ವಾಚನಾಲಯ ನಿಂತರೆ ಪಿಂಚಣಿದಾರರು ನಾಲ್ಕು ದಿನ ಗೊಣಗಿ ಮನೆಗೇ ಪತ್ರಿಕೆ ತರಿಸಿಕೊಳ್ಳುತ್ತಾರೆ. ಅಧ್ಯಯನಕ್ಕೆ ಬರುವ ಸ್ಪರ್ಧಾ ಪರೀಕ್ಷೆಯ ಹುಡುಗರಾದರೂ ಗೊಣಗಾಟವನ್ನು ಬೀದಿಗೆ ತಂದಾರು ಎಂದು ಈಚೆಗೆ ಆಶಿಸಬಹುದಾಗಿದೆ. ಗಡಹಿಂಗ್ಲಜದ ವ್ಯತ್ಯಾಸವೆಂದೆನಲ್ಲ, ಅದು ಇಲ್ಲಿದೆ: ನಗರಪರಿಷತ್ತು ನಡೆಸುವ ವಾಚನಾಲಯದ ಕಾಯಂ ನೌಕರನು ಪೌರ ನೌಕರ; ಕಸ ಗುಡಿಸುವವನಿಂದ ಹಿಡಿದು ಕಾರಕೂನನವರೆಗೆ ಎಲ್ಲರೊಂದಿಗೆ ಅವನಿಗೂ ಒಂದು ಶ್ರೇಣಿ, ಒಂದು ನಿವೃತ್ತಿಯ ವಯಸ್ಸು, ಕೂಡಿ ನಿಲ್ಲಲು ಒಂದು ಬಳಗ. ಅದೇ ತಾಲೂಕಿನ ಹಳ್ಳಿಯೊಂದರಲ್ಲಿ, ಅದೇ ಮರಾಠಿ ಕನ್ನಡಗಳ ಬೆರಕೆಯ ವಾಚಕರಿಗೆ ಅದೇ ಪುಸ್ತಕವನ್ನು ಎತ್ತಿಕೊಡುವ ಡ ವರ್ಗದ ಗ್ರಂಥಪಾಲನು ಒಂಟಿ. ಇಬ್ಬರ ಧೈರ್ಯದಲ್ಲಿ ಭೇದವಿಲ್ಲ. ಭೇದವಿರುವುದು ಪಗಾರಪತ್ರಕ್ಕೆ ಸಹಿ ಹಾಕುವವರಲ್ಲಿ.

ಒಂಟಿಯೆಂದುದು ಅಲಂಕಾರಕ್ಕಲ್ಲ. 1926ರ ಕಾರ್ಮಿಕ ಸಂಘಗಳ ಕಾಯಿದೆಯಂತೆ ಒಂದು ಯೂನಿಯನ್ನಿನ ನೋಂದಣಿಗೆ ಕನಿಷ್ಠ ಏಳು ಜನರ ಸಹಿ ಬೇಕಿತ್ತು. 2001ರ ತಿದ್ದುಪಡಿಯು ಆ ಉದ್ಯಮದ ಶೇಕಡಾ ಹತ್ತು ಅಥವಾ ನೂರು ಜನ, ಇವೆರಡರಲ್ಲಿ ಕಡಿಮೆಯಾದುದು, ಸದಸ್ಯರಾಗಿರಬೇಕೆಂದು ಸೇರಿಸಿತು. ಗ್ರಂಥಪಾಲ, ಸಹಾಯಕ, ನಿರ್ಗಮ ಸಹಾಯಕ, ಲಿಪಿಕ, ಶಿಪಾಯಿ ಎಂದು ಎಣಿಸುತ್ತ ಹೋದರೆ ದೊಡ್ಡ ವಾಚನಾಲಯದಲ್ಲಿಯೂ ಕೈಬೆರಳುಗಳು ಉಳಿಯುತ್ತವೆ. ಹಳ್ಳಿಯದರಲ್ಲಿ ಇರುವವನು ಒಬ್ಬನೇ. ಒಂದು ಗಿರಣಿಯ ಗೇಟಿನಲ್ಲಿ ಒಂದು ಮುಂಜಾನೆ ಆಗುವ ಕೆಲಸವು ಇಲ್ಲಿ ಚಂದಗಡದಿಂದ ಶಿರೋಳದವರೆಗೆ ಊರೂರು ಅಲೆದರೆ ಮಾತ್ರ ಆದೀತು. ಅಲೆಯುವುದಕ್ಕೆ 2,000 ರೂಪಾಯಿಯ ಪಗಾರದಲ್ಲಿ ಬಸ್ಸಿನ ಚಾರ್ಜು ಹುಟ್ಟಬೇಕು.

ಇಷ್ಟಾದ ಮೇಲೂ, ಧರ್ಮಾರ್ಥ ಸಂಸ್ಥೆಯು ಉದ್ಯಮವೇ ಎಂಬ ತಕರಾರು ಉಳಿದೇ ಇತ್ತು. ಬೆಂಗಳೂರು ಜಲಮಂಡಲಿಯ ಪ್ರಸಿದ್ಧ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ, ನ್ಯಾಯಮೂರ್ತಿ ಕೃಷ್ಣ ಅಯ್ಯರರ ಲೇಖನಿಯಿಂದ, ಉದ್ಯಮದ ವ್ಯಾಖ್ಯೆಯನ್ನು ಬಹು ವಿಶಾಲಗೊಳಿಸಿ, ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ನೌಕರರಿಗೂ ಬಾಗಿಲು ತೆರೆಯಿತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆಯಾದರೋ, ಧರ್ಮಾರ್ಥ, ಸಾಮಾಜಿಕ ಅಥವಾ ಪರೋಪಕಾರದ ಸೇವೆಯಲ್ಲಿ ತೊಡಗಿದ ಸಂಘಟನೆಗಳ ಸಂಸ್ಥೆಗಳನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ವಾಚನಾಲಯಗಳ ವಕೀಲರು ನಾಳೆ ಈ ಸಾಲನ್ನು ಹಿಡಿದೇ ನಿಲ್ಲುವರೆಂಬುದರಲ್ಲಿ ನನಗೆ ಸಂದೇಹವಿಲ್ಲ. ಪರೋಪಕಾರವು ಸಂಸ್ಥೆಯದು, ಉಪವಾಸವು ನೌಕರನದು ಎಂಬ ಹಳೆಯ ಏರ್ಪಾಡಿಗೆ ಈಗ ಶಾಸನದ ಆಧಾರವೂ ದೊರೆತಂತಾಯಿತು.

ಗಡಿಯ ಈಚೆಗಿರುವ ನಾವು ಇದನ್ನೋದಿ ಬೀಗುವಂತಿಲ್ಲ. ನಮ್ಮ ನಗರ ಮತ್ತು ಜಿಲ್ಲಾ ಕೇಂದ್ರ ಗ್ರಂಥಾಲಯಗಳ ನೌಕರರಿಗೆ ಇಲಾಖೆಯ ಆಸರೆಯಿದೆ, ನಿಜ. ಆದರೆ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳ ಮೇಲ್ವಿಚಾರಕರನ್ನು ನಾವು ದಶಕಗಳ ಕಾಲ ಗೌರವಧನವೆಂಬ ಹೆಸರಿನ ಅಲ್ಪ ಮೊತ್ತದ ಮೇಲೆ ದುಡಿಸಿಕೊಂಡೆವು. 2019ರಲ್ಲಿ ಆ ಗ್ರಂಥಾಲಯಗಳನ್ನು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಿ, ಅರಿವು ಕೇಂದ್ರಗಳೆಂದು ಕರೆದು, ಬಣ್ಣ ಬಳಿಸಿದೆವು. ಅವರು ತಮ್ಮ ವೇತನಕ್ಕಾಗಿ ಬೆಂಗಳೂರಿನ ರಸ್ತೆಯಲ್ಲಿ ಕುಳಿತದ್ದನ್ನೂ ಕಂಡೆವು. ಜನರಿಂದ ವಸೂಲಾದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಮುಟ್ಟಿಸದೆ ಬಾಕಿಯಿಟ್ಟುಕೊಳ್ಳುವ ಕಥೆಯು ಬೇರೊಂದು ಲೇಖನಕ್ಕೆ ಸಲ್ಲತಕ್ಕದ್ದು.

ಕೊಲ್ಹಾಪುರದ ಸಂದರ್ಭದಲ್ಲಿ ಆಗಬೇಕಾದ ಮೊದಲ ಕೆಲಸವು ವೇತನವನ್ನು ಅನುದಾನದಿಂದ ಬೇರ್ಪಡಿಸುವುದು. ಅನುದಾನಿತ ಖಾಸಗಿ ಶಾಲೆಗಳ ಶಿಕ್ಷಕರ ಪಗಾರವನ್ನು ಅದೇ ಸರಕಾರವು ಶ್ರೇಣಿಗನುಸಾರವಾಗಿ ಕೊಡುತ್ತಿರುವಾಗ, ಶಾಲೆಯ ಕಾರ್ಯಕಾರಿಣಿಯೂ ಉಳಿದಿರುವಾಗ, ವಾಚನಾಲಯದ ಸ್ವಾಯತ್ತತೆಗೆ ಮಾತ್ರ ಇದರಿಂದ ಭಂಗ ಬರುವುದೆಂಬ ವಾದವು ನಿಲ್ಲಲಾರದು. ಎರಡನೆಯದು, ನೌಕರರು ಜಿಲ್ಲಾ ಗ್ರಂಥಾಲಯ ಸಂಘದ ಮಂಟಪವನ್ನು ದ್ವೇಷವಿಲ್ಲದೆ ಬಿಟ್ಟು ಹೊರಬರುವುದು. ಪ್ರಶಿಕ್ಷಣಕ್ಕೂ ಪುಸ್ತಕೋತ್ಸವಕ್ಕೂ ಅಲ್ಲಿಗೆ ಹೋಗಲಿ. ಪಗಾರದ ಮಾತಿಗೆ ಬೇರೆ ಬೈಠಕ್ಕು ಬೇಕು. ಇಡೀ ಜಿಲ್ಲೆಯನ್ನು ಒಂದಾಗಿ ಹಿಡಿದರೆ ನೂರು ಸದಸ್ಯರು ಸಿಕ್ಕದೆ ಹೋಗಲಾರರು. ನೋಂದಣಿಯ ಅರ್ಜಿಯಲ್ಲಿ ಯೂನಿಯನ್ನಿನ ಕಚೇರಿಯ ವಿಳಾಸವೆಂಬ ಒಂದು ಅಂಕಣವಿರುತ್ತದೆ. ವಾಚನಾಲಯದ ವಿಳಾಸವನ್ನು ಅಲ್ಲಿ ಬರೆಯುವಂತಿಲ್ಲ, ಅದು ಕಾರ್ಯಕಾರಿಣಿಯದು. ಇಚಲಕರಂಜಿಯ ಮಗ್ಗದ ಕಾರ್ಮಿಕರ ಸಂಘಟನೆಯವರೋ ಗಡಹಿಂಗ್ಲಜದ ಪೌರ ನೌಕರರೋ ತಮ್ಮ ಕಚೇರಿಯ ಒಂದು ಮೇಜನ್ನು ವಾರಕ್ಕೊಂದು ಸಂಜೆ ಬಿಟ್ಟುಕೊಟ್ಟರೆ ಆ ಅಂಕಣವು ತುಂಬುತ್ತದೆ. ವಾಚನಾಲಯಗಳಿಗೆ ಸೋಮವಾರವೋ ಗುರುವಾರವೋ ಹೇಗೂ ವಾರದ ರಜೆಯಿದ್ದೇ ಇದೆ.